ಇದ್ದಷ್ಟು

ಬೆಳಗಾವಿಯ ಖಡೇಬಜಾರಿನಲ್ಲಿ
ಸೆಕೆಂಡ್‌ಹ್ಯಾಂಡ್ ಕೊಂಡ ಲೆನ್ಸು.
ಕೊರಳ ಸುತ್ತ ಕಿತ್ತಳೆ ಅಕ್ಷರದಲ್ಲಿ ‘ಮ್ಯಾಕ್ರೊ’ ಎಂದಿತ್ತು.
ಅಷ್ಟು ಸಾಕಾಯಿತು ನನಗೆ.
ಬೋರ್ಡಿನ ಮೇಲೆ ‘ಶುದ್ಧ’ ಎಂದು ಬರೆದಿದ್ದರೆ
ತುಪ್ಪ ಮೂಸದೆ ಉಣ್ಣುವ ಪೈಕಿ ನಾನು.

ಬಾಗಲಕೋಟೆಯ ದಸ್ತಗೀರಣ್ಣ, ಕ್ಯಾಮೆರಾ ರಿಪೇರಿಯವ,
ಬೀಡಿ ಆರಿಸಿ, ಮಗಳ ಕಂಪಾಸಿನ ಡಬ್ಬಿಯ ಪಕ್ಕದಿಂದ
ಪ್ಲಾಸ್ಟಿಕ್ ಸ್ಕೇಲೊಂದು ಎತ್ತಿ ಮೇಜಿಗಿಟ್ಟ.
‘ಎಷ್ಟು ಹತ್ರ ಹೋಗತೈತೋ ಹೋಗು. ಒತ್ತು.’
ಒತ್ತಿದೆ.
ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಣಿಸಿದ:
ನೂರಾ ನಲವತ್ನಾಲ್ಕು ಮಿಲಿಮೀಟರು.
‘ಒಳಗಿನ ಸೆನ್ಸರ್ ಅಗಲ ಮೂವತ್ತಾರು.
ನಿನ್ನ ಲೆನ್ಸು ರೂಪಾಯಿಗೆ ನಾಲ್ಕಾಣೆ ಖರೇ ಹೇಳತೈತಿ.’

ಆಮೇಲೆ ಕಪಾಟಿನಿಂದ ತನ್ನದೊಂದು ತೆಗೆದ,
ಗಿಡ್ಡನೆಯದು, ಜೂಮ್ ಇಲ್ಲ, ಹಿಡಿ ಸವೆದಿತ್ತು.
ಅದೇ ಸ್ಕೇಲು. ಈ ಸಲ ಮೂವತ್ತಾರೇ ಗೆರೆ,
ಮೂವತ್ತೇಳನೆಯದಕ್ಕೆ ಜಾಗವಿಲ್ಲ.
‘ಮ್ಯಾಕ್ರೊ ಅಂದ್ರ ದೊಡ್ಡದು ಮಾಡೂದಲ್ಲಪಾ.
ಇರುವಿ ಎಷ್ಟುದ್ದ ಐತಿ, ಒಳಗ ಅಷ್ಟ ಉದ್ದ ಬೀಳಬೇಕು.
ಇದ್ದಷ್ಟು.’
ಬಾಡಿಗೆ ದಿನಕ್ಕೆ ಇನ್ನೂರು ಅಂದ.

ಗುಳೇದಗುಡ್ಡದಲ್ಲಿ ಸೊಸೈಟಿಯವರ ಕ್ಯಾಟಲಾಗು.
ಅರವತ್ತು ಖಣ, ಕೆಳಗೆ ನೇಯ್ದವರ ಹೆಸರು.
ಬನಶಂಕ್ರವ್ವನ ಮನೆಯವು ಒಂಬತ್ತು.
ಪಡಸಾಲೆಯಲ್ಲಿ ಚಾಪೆ ಹಾಸಿ, ಖಣ ಹಾಸಿ, ಸ್ಟ್ಯಾಂಡು ನಿಲ್ಲಿಸಿದೆ.
ಆನೆಹೆಜ್ಜೆ ಅನ್ನುತ್ತಾರೆ ಆ ನಮೂನೆಗೆ.
ಕಿರುಬೆರಳ ಉಗುರಿನಷ್ಟು ಆನೆಯ ಹೆಜ್ಜೆ!
ಹೆಸರಿಟ್ಟವನು ಯಾವ ಲೆನ್ಸಿನಲ್ಲಿ ನೋಡಿದ್ದನೋ.

ಹತ್ತಿರ ಹೋದಷ್ಟೂ ಕಷ್ಟ.
ಲೆನ್ಸಿನ ನೆರಳೇ ಬಟ್ಟೆಯ ಮೇಲೆ.
ಬೆಳಕು ಅರ್ಧ ಇಂಗಿ, ಉಳಿದದ್ದರಲ್ಲೂ ಅರ್ಧ.
ತುಸು ಮೈ ಅಲುಗಿದರೆ ಫೋಕಸು ಜಾರಿ
ಹಾಸು ಸ್ಪಷ್ಟ, ಹೊಕ್ಕು ಮಂಜು.
ಮೇಲಾಗಿ ಓಣಿ ತುಂಬ ಮಗ್ಗ:
ಪಕ್ಕದ ಮನೆಯ ಲಾಳಿ ಆ ಕಡೆ ಹೋದರೆ
ನನ್ನ ಚಿತ್ರ ಈ ಕಡೆ ಅಲುಗುತ್ತದೆ.
ಬರಿಗಣ್ಣಿಗೆ ನೆಲ ನೆಲದಂತೆಯೇ ಇತ್ತು;
ಅದು ದಿನವಿಡೀ ನಡುಗುತ್ತಿತ್ತೆಂದು ಈಗ ತಿಳಿಯಿತು.

ಓಣಿ ಊಟಕ್ಕೆ ಕೈತೊಳೆಯುವ ಹೊತ್ತಿಗೆ ಕಾದೆ.
ಒಂದರ ಹಿಂದೊಂದು ಮಗ್ಗ ಸುಮ್ಮನಾದವು.
ಕೊನೆಯದೊಂದು, ದೂರದ್ದು, ನಾಲ್ಕು ಏಟು ಹೊಡೆದು ನಿಂತಿತು.
ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳಿಗೂ
ಒಂದು ನಿಮಿಷ ತಡೀರಿ ಎಂದು ಕೂಗಿ,
ಒತ್ತಿದೆ.

ಬನಶಂಕ್ರವ್ವ ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಿದ್ದು ಮೂಲೆಗಳನ್ನು.
‘ಎಳಿ ಮೂಲ್ಯಾಗೂ ನೆಟ್ಟಗ ಅದಾವ’ ಅಂದಳು.
ನನ್ನ ನಾಲ್ಕಾಣೆಯದು ಅಲ್ಲಿ ಎಳೆ ಬಾಗಿಸುತ್ತಿತ್ತು,
ಕಂಡವರು ನೇಯ್ದವಳ ತಪ್ಪೆನ್ನುತ್ತಿದ್ದರು.
‘ಇಷ್ಟ ದೊಡ್ಡದ್ಯಾಕ ಮಾಡಿ?’
ದೊಡ್ಡದು ಮಾಡಿದ್ದು ಪರದೆ, ಯವ್ವಾ.
ಒಳಗೆ ಬಿದ್ದದ್ದು ನಿನ್ನ ಉಗುರಿನಷ್ಟೇ.
ಆಕೆ ತನ್ನ ಉಗುರು ನೋಡಿಕೊಂಡಳು.

ಆಮೇಲೆ ಆ ಬೆರಳು ಪರದೆಯಲ್ಲಿ ಒಂದು ಕಡೆ ನಿಂತಿತು.
ಹೆಜ್ಜೆಯ ಹಿಮ್ಮಡಿಯಲ್ಲಿ ಗಂಟು,
ಕಡಿದ ಎಳೆ ಕೂಡಿಸಿದ್ದು,
ಸಾಸಿವೆಯ ಕಾಲುಭಾಗವೂ ಇಲ್ಲ.
ಎರಡು ನಿಮಿಷದಲ್ಲಿ ಅಳಿಸಿಬಿಡುತ್ತೇನೆ ಅಂದೆ.
‘ಬ್ಯಾಡ.’
ಮೂಗು ತಾಗುವಷ್ಟು ಬಾಗಿದಳು. ‘ಇದು ನನ್ನ ಗಂಟಲ್ಲ.
ನಾ ಬಲಕ್ಕ ಹೊಸೀತೀನಿ. ಇದು ಎಡಕ್ಕೈತಿ.’

ರೊಟ್ಟಿಯ ಸದ್ದು ಈ ಸಲ ತಾನಾಗಿಯೇ ನಿಂತಿತು.
ಎಡಚಿ ಸೊಸೆ ಕಾಶವ್ವ
ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು
ಮೊಣಕೈಯಿಂದ ಬಾಯಿ ಮುಚ್ಚಿ ನಕ್ಕಳು:
‘ನಿಮಗ ಸಂಜಿಮುಂದ ಕಣ್ಣು ಕಾಣವಲ್ಲದಾದಾಗಿಂದ
ಎಷ್ಟು ಹಾಕೀನೋ, ಎಣಿಸಿಲ್ರಿ ಅತ್ತಿ.’

ಸೊಸೈಟಿಯ ಪಟ್ಟಿಯಲ್ಲಿ
ಒಂಬತ್ತಕ್ಕೂ ಒಂದೇ ಹೆಸರು.
ಬನಶಂಕ್ರವ್ವ ತುಸು ಹೊತ್ತು ಮಾತಾಡಲಿಲ್ಲ.
ಆಮೇಲೆ, ಸಿಟ್ಟೋ ನಗುವೋ ತಿಳಿಯದ ದನಿಯಲ್ಲಿ,
‘ಉಳಿದ ಎಂಟೂ ಹಿಂಗ ತೆಗಿ.
ಎಡಕ್ಕ ಎಷ್ಟು, ಬಲಕ್ಕ ಎಷ್ಟು,
ಎಣಿಸೂಣು.’

ಓಣಿಯಲ್ಲಿ ಮಗ್ಗ ಮತ್ತೆ ಶುರುವಾದವು.
ಇನ್ನು ನಾಳೆ ಊಟದ ಹೊತ್ತಿಗೇ.
ಇನ್ನೂರು ನನ್ನ ಕಿಸೆಯಿಂದ.